ಸ್ಪೀಡ್ ಏರಿದಂತೆ ಕಾರಿನ ಸದ್ದೂ ಏರುತ್ತಿದೆಯೇ? ಬೇರಿಂಗ್ ಬಿಚ್ಚಿಸುವ ಮೊದಲು ಹೀಗೆ ಪತ್ತೆ ಮಾಡಿ

"ಬೇರಿಂಗ್ ಹೊಸದು ಹಾಕಿಸಿದೆ, ಸದ್ದು ಮಾತ್ರ ಹಾಗೇ ಇದೆ." ಓದುಗರಿಂದ ಮತ್ತೆ ಮತ್ತೆ ಬರುವ ದೂರು ಇದು. 40ರವರೆಗೆ ಏನೂ ಕೇಳುವುದಿಲ್ಲ. 50 ದಾಟಿದರೆ ಗುಂಯ್ ಅನ್ನುತ್ತದೆ. 70ಕ್ಕೆ ಬಂದರೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ಗಂಟಲು ಏರಿಸಬೇಕು. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ "ವೀಲ್ ಬೇರಿಂಗ್ ಸಾರ್" ಅಂತಾರೆ, ಅಂದರೆ ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಕೂರಿಸುವ ಗುಂಡುಗಳ ಬಳೆ. ಅವರ ಊಹೆ ಸರಿಯೂ ಇರಬಹುದು. ಆದರೆ ಅಡ್ಡಾದಿಡ್ಡಿ ಸವೆದ ಟೈರು ಕೂಡ ಹೆಚ್ಚುಕಡಿಮೆ ಅದೇ ಸದ್ದು ಮಾಡುತ್ತದೆ. ಕಾರಿನೊಳಗೆ ಕೂತು ಬರೀ ಕಿವಿಯಿಂದ ಎರಡನ್ನೂ ಬೇರೆ ಮಾಡುವುದು ಪಳಗಿದ ಮೆಕ್ಯಾನಿಕ್‌ಗೂ ಕಷ್ಟ.

ನಾನೂ ಇದರಲ್ಲಿ ದುಡ್ಡು ಕಳೆದವನೇ. ನನ್ನ ಹಳೇ ಕಾರಿಗೆ ಮುಂದಿನ ಬಲಗಡೆ ಬೇರಿಂಗ್ ಹಾಕಿಸಿಕೊಂಡು ಬಂದೆ. ಗ್ಯಾರೇಜಿನಿಂದ ಮನೆ ತಲುಪುವಷ್ಟರಲ್ಲೇ ಸದ್ದು ಮತ್ತೆ ಹಾಜರ್. ಆಮೇಲೆ ನೋಡಿದರೆ ತಪ್ಪು ಹಿಂದಿನ ಟೈರಿನದು. ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಹಾಗಾಗಿ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಕೊನೆಗೆ.

## ಇವು ಕಂಡರೆ ಪರೀಕ್ಷೆ ಬೇಡ, ಕಾರು ನಿಲ್ಲಿಸಿ

ಈ ಲಕ್ಷಣಗಳಲ್ಲಿ ಒಂದಿದ್ದರೂ ಕಾರನ್ನು ರಸ್ತೆಗೆ ತರಬೇಡಿ. ಮೆಕ್ಯಾನಿಕ್‌ನನ್ನೇ ಕರೆಸಿ, ಇಲ್ಲ ಟೋ ಮಾಡಿಸಿ.

- ಟೈರಿನ ಪಕ್ಕದ ಗೋಡೆ ಎಲ್ಲಾದರೂ ಗುಳ್ಳೆಯಂತೆ ಉಬ್ಬಿದೆ, ಅಥವಾ ಒಳಗಿನ ನೂಲು, ತಂತಿ ಕಾಣುತ್ತಿದೆ.
- ಇತ್ತೀಚೆಗೆ ಚಕ್ರ ಬಿಚ್ಚಿ ಹಾಕಿದ್ದಾರೆ, ಈಗ ಕಟಕಟ ಸದ್ದಿನ ಜೊತೆ ಸ್ಟಿಯರಿಂಗ್ ಅಲುಗುತ್ತಿದೆ. ನಟ್ಟು ಸಡಿಲವಿರಬಹುದು. ಹಾಗೇ ಓಡಿಸಿದರೆ ಚಕ್ರವೇ ಕಳಚಬಹುದು.
- ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಕರಕರ ಸದ್ದು.
- ಒಂದು ಚಕ್ರದಿಂದ ಸುಟ್ಟ ವಾಸನೆ, ಹೊಗೆ, ಅಥವಾ ಹತ್ತಿರ ಕೈ ಹಿಡಿದರೆ ಆ ಒಂದರದ್ದೇ ಜಾಸ್ತಿ ಕಾವು.
- ಗುಂಯ್ ಸದ್ದು ಗೊರಗೊರ ಆಗಿದೆ, ಜೊತೆಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿದೆ. ಬೇರಿಂಗ್ ತುಂಬಾ ಸವೆದು ಹಬ್ (ಚಕ್ರ ಕೂರುವ ನಡುಭಾಗ) ಅಲುಗಾಡಿದರೆ ಚಕ್ರದ ವೇಗ ಅಳೆಯುವ ಅಲ್ಲಿನ ಸೆನ್ಸರ್ ಲೆಕ್ಕ ತಪ್ಪುತ್ತದೆ.

## ಬೇಕಾದ ಸಾಮಾನು

ಟೈರ್ ಗಾಳಿ ನೋಡುವ ಗೇಜ್, ಟಾರ್ಚ್, ಚಾಕ್‌ಪೀಸ್, ಮಾಸ್ಕಿಂಗ್ ಟೇಪ್, ಕಾರಿನ ಜೊತೆ ಬಂದ ಜಾಕಿ ಮತ್ತು ವೀಲ್ ಸ್ಪ್ಯಾನರ್, ಚಕ್ರಕ್ಕೆ ಅಡ್ಡ ಕೊಡಲು ಎರಡು ದೊಡ್ಡ ಕಲ್ಲು. ಹಂತ 7ಕ್ಕೆ ಜಾಕಿ ಸ್ಟ್ಯಾಂಡ್ ಬೇಕೇ ಬೇಕು. ಅದಿಲ್ಲದಿದ್ದರೆ ಆ ಹಂತವನ್ನು ಗ್ಯಾರೇಜಿಗೆ ಬಿಡಿ. ಜೊತೆಗೆ ಒಬ್ಬರು ಬೇಕು. ನೀವು ಓಡಿಸಿ, ಅವರು ಕೇಳಲಿ. ಹಿಂದಿನ ಸೀಟಿನಲ್ಲಿ ಕೂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿದು ಕೇಳಲು ಹೇಳಿ, ಸೀಟ್‌ಬೆಲ್ಟ್ ಹಾಕಿಕೊಂಡೇ.

## ಹಂತ 1: ಓಡಿಸುವ ಮೊದಲು ಬಗ್ಗಿ ನೋಡಿ

ಬೆಳಗ್ಗೆ ಕಾರು ತಣ್ಣಗಿರುವಾಗಲೇ ಗಾಳಿ ನೋಡಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಪೆಟ್ರೋಲ್ ಬಂಕಿನ ಹುಡುಗ "ಎಷ್ಟು ಹಾಕ್ಲಿ ಸಾರ್" ಅಂದಾಗ ಬಾಯಿಗೆ ಬಂದ ನಂಬರ್ ಹೇಳಬೇಡಿ. ಗಾಳಿ ಹೆಚ್ಚು ಕಡಿಮೆ ಇದ್ದರೆ ಟೈರಿನ ಸದ್ದೂ ಬದಲಾಗುತ್ತದೆ, ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪುತ್ತವೆ.

ಆಮೇಲೆ ಟಾರ್ಚ್ ಹಿಡಿದು ಕಾರಿನ ಕೆಳಗೆ, ಚಕ್ರದ ಮೇಲಿನ ಕಮಾನಿನೊಳಗೆ ನೋಡಿ. ನಮ್ಮ ಏರಿಯಾಗಳ ಹಂಪ್‌ಗಳು ಹೇಗಿವೆ ಅಂತ ನಿಮಗೇ ಗೊತ್ತು. ಹೊಟ್ಟೆ ಉಜ್ಜಿ ಉಜ್ಜಿ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರಿನ ಕ್ಲಿಪ್ ಕಿತ್ತುಹೋಗಿರುತ್ತದೆ. ಒಂದು ಮೂಲೆ ಜೋತುಬಿದ್ದು, ಸ್ಪೀಡ್ ಏರಿದಂತೆ ಗಾಳಿಗೆ ಪಟಪಟ ಬಡಿಯುತ್ತದೆ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಟೈರಿಗೆ ತಾಗುತ್ತಿದ್ದರೆ ಆ ಜಾಗ ಉಜ್ಜಿ ಹೊಳೆಯುತ್ತಿರುತ್ತದೆ. ಸದ್ಯಕ್ಕೆ ಒಂದು ಕೇಬಲ್ ಟೈ ಹಾಕಿ ಬಿಗಿಯಿರಿ. ಸದ್ದು ಅಲ್ಲಿಗೇ ಮುಗಿದರೂ ಮುಗಿಯಿತು.

ಟೈರಿನ ಗೀರುಗಳಲ್ಲಿ ಜಲ್ಲಿ, ಮೊಳೆ, ಸ್ಕ್ರೂ ಇದೆಯೇ ನೋಡಿ. ಜಲ್ಲಿಯಾದರೆ ಕಿತ್ತು ತೆಗೆಯಿರಿ. ಮೊಳೆಯನ್ನು ಮಾತ್ರ ಅಲ್ಲೇ ಕೀಳಬೇಡಿ, ಗಾಳಿ ಬುಸ್ ಅಂತ ಇಳಿದೀತು. ಪಂಕ್ಚರ್ ಅಂಗಡಿಗೆ ಹೋಗಿ ತೆಗೆಸಿ.

## ಹಂತ 2: ಎಂಜಿನ್ನೋ, ಚಕ್ರವೋ?

ಮೊದಲು ಕಾರು ನಿಂತಿರುವಾಗಲೇ, ನ್ಯೂಟ್ರಲ್‌ನಲ್ಲಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ 2,500-3,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ತನಕ ಏರಿಸಿ. ಅದೇ ಸದ್ದು ನಿಂತಲ್ಲೇ ಬಂದರೆ ಚಕ್ರ, ಟೈರುಗಳ ಚಿಂತೆ ಬಿಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೇರಿಂಗ್, ಬೆಲ್ಟ್ ಓಡುವ ಪುಲ್ಲಿ, ಸೈಲೆನ್ಸರ್ ಕಡೆ ನೋಡಬೇಕು.

ನಿಂತಾಗ ಬರದಿದ್ದರೆ ರಸ್ತೆಗೆ ಇಳಿಯಿರಿ. ಭಾನುವಾರ ಬೆಳಗ್ಗೆ ಆರರ ಹೊತ್ತು ಒಳ್ಳೆಯದು. ಬೆಂಗಳೂರಿನವರಾದರೆ ಹೆಬ್ಬಾಳದಾಚೆ ಬಳ್ಳಾರಿ ರಸ್ತೆ, ನೈಸ್ ರಸ್ತೆ, ಎಲ್ಲಿ ನೇರವಾಗಿ ಖಾಲಿ ಇದೆಯೋ ಅಲ್ಲಿ. ಹಾಡು, ಎಸಿ, ಬ್ಲೋವರ್ ಎಲ್ಲ ಆಫ್. ಕಿಟಕಿ ಪೂರ್ತಿ ಮುಚ್ಚಿರಲಿ. ಡಿಕ್ಕಿಯಲ್ಲಿ ಉರುಳಾಡುವ ನೀರಿನ ಬಾಟಲಿ, ಜಾಕಿ, ಅಜ್ಜಿ ಕೊಟ್ಟ ತೆಂಗಿನಕಾಯಿ ಎಲ್ಲವನ್ನೂ ಮನೆಯಲ್ಲೇ ಇಳಿಸಿ ಬನ್ನಿ. ತಮಾಷೆಯಲ್ಲ, ಎರಡು ದಿನ ಹುಡುಕಿದ ಸದ್ದು ಸ್ಟೆಪ್ನಿ ಪಕ್ಕ ಸಡಿಲವಾಗಿ ಬಿದ್ದ ಜಾಕಿಯದ್ದು ಅಂತ ಗೊತ್ತಾಗಿ ನಾನೇ ನಕ್ಕಿದ್ದೇನೆ.

1. 60ಕ್ಕೆ ಹೋಗಿ ಅದೇ ಸ್ಪೀಡ್ ಹಿಡಿಯಿರಿ. ಸದ್ದು ಕೇಳಿ.
2. ಸ್ಪೀಡ್ ಅಷ್ಟೇ ಇರಲಿ, ಗೇರ್ ಮಾತ್ರ ಒಂದು ಕೆಳಗೆ ಹಾಕಿ. ಎಂಜಿನ್ ಜೋರಾಗುತ್ತದೆ. ನಿಮ್ಮ ಸದ್ದೂ ಏರಿತೇ, ಅಥವಾ ಹಾಗೇ ಇದೆಯೇ?
3. ಹಿಂದೆ ಯಾರೂ ಇಲ್ಲದಾಗ, ಸಮತಟ್ಟು ರಸ್ತೆಯಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಐದಾರು ಸೆಕೆಂಡ್ ಉರುಳಲು ಬಿಡಿ.

ನ್ಯೂಟ್ರಲ್‌ನಲ್ಲೂ ಸದ್ದು ಮುಂದುವರಿದು, ಸ್ಪೀಡ್ ಇಳಿದ ಹಾಗೆ ತಾನೂ ಇಳಿದರೆ ಅದು ಚಕ್ರದ ಕಡೆಯದು. ಗೇರ್ ಇಳಿಸಿದಾಗ ಎಂಜಿನ್ ಜೊತೆ ಸದ್ದೂ ಏರಿದರೆ ಎಂಜಿನ್ ಕಡೆಯದು, ಹಾಗೇ ಇದ್ದರೆ ಚಕ್ರದ ಕಡೆಯದು. ಆಕ್ಸಿಲರೇಟರ್ ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ, ಅಥವಾ ಒಂದೇ ಒಂದು ಗೇರ್‌ನಲ್ಲಿ ಮಾತ್ರ ಕೇಳಿದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಎರಡೂ ಬದಿಯ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಮೇಲೆ ಅನುಮಾನ. ಆಗ ಮೊದಲು ಗೇರ್ ಆಯಿಲ್ ಮಟ್ಟ ನೋಡಿಸಿ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು, "ಎಂಜಿನ್ ಸದ್ದೇ ಬೇಡ" ಅಂತ ಓಡುತ್ತಿರುವಾಗ ಕೀ ಆಫ್ ಮಾಡುವುದು. ಹಾಗೆ ಮಾಡಿದರೆ ಪವರ್ ಸ್ಟಿಯರಿಂಗ್ ಹೋಗುತ್ತದೆ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಕೀ ಪೂರ್ತಿ ಹಿಂದಕ್ಕೆ ಹೋದರೆ ಸ್ಟಿಯರಿಂಗ್ ಲಾಕ್ ಕೂಡ ಆಗಬಹುದು. ಎಂಜಿನ್ ಓಡುತ್ತಲೇ ಇರಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಆಟೋಮ್ಯಾಟಿಕ್ ಕಾರಾದರೆ ಮೂರನೆಯದನ್ನು ಬಿಟ್ಟು, ಮ್ಯಾನುಯಲ್ ಮೋಡ್‌ನಲ್ಲಿ ಗೇರ್ ಬದಲಿಸಿ ಎರಡನೆಯದನ್ನು ಮಾತ್ರ ಮಾಡಿ.

## ಹಂತ 3: ರಸ್ತೆ ಬದಲಾದಾಗ ಏನಾಗುತ್ತದೆ?

ಈ ಪರೀಕ್ಷೆಗೆ ಬೆಂಗಳೂರಿನಷ್ಟು ಅನುಕೂಲದ ಊರು ಸಿಗಲಿಕ್ಕಿಲ್ಲ. ಒಂದೇ ರಸ್ತೆಯಲ್ಲಿ ಅರ್ಧ ಡಾಂಬರು, ಅರ್ಧ ವೈಟ್ ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಹಾಕಿದ ಕಾಂಕ್ರೀಟ್. ಎರಡೂ ಕೂಡುವ ಜಾಗವನ್ನು 50ರಲ್ಲಿ ದಾಟಿ, ಆ ಕ್ಷಣದಲ್ಲಿ ಕಿವಿ ಅಲ್ಲೇ ಇರಲಿ.

ಸದ್ದಿನ ಸ್ವರವೇ ತಟ್ಟನೆ ಬದಲಾದರೆ, ಅಂದರೆ ಕಾಂಕ್ರೀಟಿನಲ್ಲಿ ಜೋರಾಗಿದ್ದುದು ನುಣ್ಣನೆ ಡಾಂಬರಿಗೆ ಬಂದ ಕೂಡಲೇ ಅರ್ಧಕ್ಕರ್ಧ ಇಳಿದರೆ, ಟೈರಿನ ಮೇಲೆ ಅನುಮಾನ. ಬೇರಿಂಗ್‌ಗೆ ರಸ್ತೆ ಯಾವುದು ಅಂತ ಗೊತ್ತಾಗುವುದಿಲ್ಲ. ಅದು ಎರಡು ಕಡೆಯೂ ಒಂದೇ ರಾಗ ಹಾಡುತ್ತದೆ. ಕಾಂಕ್ರೀಟಿನ ಮೇಲೆ ಎಲ್ಲ ಟೈರೂ ಸ್ವಲ್ಪ ಸದ್ದು ಮಾಡುತ್ತವೆ ಅನ್ನುವುದು ನೆನಪಿರಲಿ. ನೀವು ಕೇಳಬೇಕಾದದ್ದು ನಿಮ್ಮ ದೂರಿನ ಸದ್ದು ಮಾತ್ರ.

ವೈಟ್ ಟಾಪಿಂಗ್‌ನ ಜಾಯಿಂಟ್ ದಾಟುವಾಗ ಬರುವ ಡಬ್ ಡಬ್ ಅನ್ನು ಲೆಕ್ಕಕ್ಕೆ ತಗೋಬೇಡಿ. ಅದು ರಸ್ತೆಯದು. ಚಕ್ರದ್ದೇ ತಾಳ ಹೇಗಿರುತ್ತದೆ ಅಂತ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.8ರಿಂದ 1.9 ಮೀಟರ್ ಉರುಳುತ್ತದೆ. 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ ಮೂರು ಸುತ್ತು. ಆ ಸ್ಪೀಡ್‌ನಲ್ಲಿ ಡಾಂಬರಿನ ಮೇಲೂ ಸೆಕೆಂಡಿಗೆ ಮೂರು ಸಲ ಟಪ್ ಟಪ್ ಟಪ್ ಅಂದರೆ ಚಕ್ರ ಸುತ್ತುವಾಗ ಒಂದು ಜಾಗ ಬಡಿಯುತ್ತಿದೆ ಅಂತ ಅರ್ಥ. ಟೈರಿನಲ್ಲಿ ಉಬ್ಬು, ಚಪ್ಪಟೆ ಜಾಗ, ಸಿಕ್ಕಿಕೊಂಡ ಕಲ್ಲು, ಇಲ್ಲವೇ ಗುಂಡಿಗೆ ಬಿದ್ದು ಬಾಗಿದ ರಿಮ್. ಮೊದಲು ನಟ್ಟುಗಳ ಬಿಗಿ ನೋಡಿ, ಆಮೇಲೆ ಉಳಿದದ್ದು.

## ಹಂತ 4: ತಿರುವಿನಲ್ಲಿ ಕೇಳಿ

ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಬಸ್ಸು ಎಡಕ್ಕೆ ತಿರುಗಿದರೆ ನಾವೆಲ್ಲ ಬಲಕ್ಕೆ ವಾಲುತ್ತೇವೆ. ಕಾರಿನ ಭಾರವೂ ಹಾಗೇ. ಎಡ ತಿರುವಿನಲ್ಲಿ ಬಲಗಡೆ ಚಕ್ರಗಳ ಮೇಲೆ ಭಾರ ಜಾಸ್ತಿ, ಬಲ ತಿರುವಿನಲ್ಲಿ ಎಡಗಡೆ. ಸವೆದ ಬೇರಿಂಗ್ ಮೇಲೆ ಭಾರ ಬಿದ್ದಾಗ ಸಾಮಾನ್ಯವಾಗಿ ಅದು ಜೋರಾಗಿ ಕೂಗುತ್ತದೆ, ಭಾರ ಇಳಿದಾಗ ಸುಮ್ಮನಾಗುತ್ತದೆ.

ಅಂದರೆ, ಎಡ ತಿರುವಿನಲ್ಲಿ ಸದ್ದು ಏರಿ ಬಲ ತಿರುವಿನಲ್ಲಿ ಇಳಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ. ಉಲ್ಟಾ ಆದರೆ ಎಡಗಡೆ. ಎರಡು ತಿರುವಿನಲ್ಲೂ ಏನೂ ಬದಲಾಗದಿದ್ದರೆ ಟೈರಿನ ಕಡೆ ವಾಲಿ, ಆದರೆ ತೀರ್ಪು ಈಗಲೇ ಬೇಡ. ಎಲ್ಲ ಬೇರಿಂಗ್‌ಗಳೂ ಈ ನಿಯಮ ಪಾಲಿಸುವುದಿಲ್ಲ.

ಇದನ್ನು ಮಾಡಲು ರಸ್ತೆಯಲ್ಲಿ ಹಾವಿನ ಹಾಗೆ ಸ್ಟಿಯರಿಂಗ್ ಎಳೆದಾಡುವವರನ್ನು ನೋಡಿದ್ದೇನೆ. ಬೇಡ. ಸಂದಿಯಲ್ಲಿ ನುಗ್ಗುವ ಬೈಕಿನವರು ನಿಮ್ಮ ಪರೀಕ್ಷೆಗೆ ಕಾಯುವುದಿಲ್ಲ. ಫ್ಲೈಓವರಿನ ಉದ್ದ ತಿರುವು ಸಾಕು. ನಿಮ್ಮ ಲೇನ್‌ನಲ್ಲೇ, ಅಲ್ಲಿ ಹಾಕಿರುವ ವೇಗಮಿತಿಯೊಳಗೇ, ಎಡಕ್ಕೆ ಬಾಗುವ ತಿರುವು ಒಮ್ಮೆ, ಬಲಕ್ಕೆ ಬಾಗುವುದು ಒಮ್ಮೆ.

ಪೂರ್ತಿ ಸ್ಟಿಯರಿಂಗ್ ಕಡಿದು ನಿಧಾನ ಹೋಗುವಾಗ, ಉದಾಹರಣೆಗೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಕಟ್ ಕಟ್ ಕಟ್ ಅಂದರೆ ಅದು ಬೇರೆ ಕಥೆ. ಸಿವಿ ಜಾಯಿಂಟ್ (ತಿರುಗಿದ ಚಕ್ರಕ್ಕೂ ಎಂಜಿನ್ ಶಕ್ತಿ ಮುಟ್ಟಿಸುವ ಕೀಲು) ನೋಡಿಸಿ. ಮುಂದಿನ ಚಕ್ರದ ಹಿಂದೆ ಅಕಾರ್ಡಿಯನ್ ತರಹದ ರಬ್ಬರ್ ಬೂಟ್ ಹರಿದು, ಸುತ್ತ ಗ್ರೀಸ್ ಚಿಮ್ಮಿದ್ದರೆ ಅನುಮಾನವೇ ಬೇಡ.

## ಹಂತ 5: ಟೈರನ್ನು ಕಣ್ಣಿಂದಲ್ಲ, ಅಂಗೈಯಿಂದ ನೋಡಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. "ಟೈರ್ ಚೆನ್ನಾಗಿದೆ ಸಾರ್, ಬಟನ್ ಇನ್ನೂ ಇದೆ" ಅಂತಾರೆ. ಬಟನ್ ಅಂದರೆ ಗೀರುಗಳ ನಡುವೆ ಎದ್ದಿರುವ ರಬ್ಬರ್ ತುಂಡುಗಳು. ಗೀರು ಆಳವಾಗಿದ್ದರೂ ಟೈರು ಸದ್ದು ಮಾಡಬಹುದು. ಆಳ ಎಷ್ಟು ಉಳಿದಿದೆ ಅನ್ನುವುದು ಒಂದು ವಿಷಯ, ಒಂದೇ ಸಮ ಸವೆದಿದೆಯೇ ಅನ್ನುವುದು ಇನ್ನೊಂದು.

ಕಾರು ಆಫ್ ಮಾಡಿ, ಟೈರು ತಣ್ಣಗಾಗಲಿ. ಕಂಬಿ, ಗಾಜಿನ ಚೂರು ಚುಚ್ಚಿಕೊಂಡಿಲ್ಲ ಅಂತ ಮೊದಲು ಕಣ್ಣಾಡಿಸಿ. ಆಮೇಲೆ ಟೈರಿನ ಮೇಲ್ಮೈಯನ್ನು ಅಂಗೈಯಿಂದ ಮುಂದಿನಿಂದ ಹಿಂದಕ್ಕೆ ನಿಧಾನ ಸವರಿ. ಈಗ ಹಿಂದಿನಿಂದ ಮುಂದಕ್ಕೆ. ಮೀನಿನ ಮೈ ಸವರಿದ ಹಾಗೆ, ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಕೈಗೆ ತಡೆಯುತ್ತದೆಯೇ? ಪ್ರತಿ ಬಟನ್ನಿನ ಒಂದು ಅಂಚು ಗರಗಸದ ಹಲ್ಲಿನಂತೆ ಎದ್ದಿದೆ ಅಂತ ಅರ್ಥ. ಗುಂಯ್ ಅನ್ನುವುದಕ್ಕೆ ಇಷ್ಟೇ ಸಾಕು. ಅಡ್ಡಡ್ಡ ಸವರಿದಾಗಲೂ ಹಾಗೇ ತಡೆದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳು ನಿಲ್ಲಬೇಕಾದ ಕೋನ) ತಪ್ಪಿರುವ ಸಾಧ್ಯತೆ ಜಾಸ್ತಿ.

ಒಳಗಿನ ಅಂಚನ್ನು ಮರೆಯಬೇಡಿ. ಹೊರಗಿನಿಂದ ಅದು ಕಾಣುವುದೇ ಇಲ್ಲ. ಮುಂದಿನ ಚಕ್ರವಾದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಿ, ಹಿಂದಿನದಕ್ಕೆ ಕೈಯನ್ನೇ ಒಳಗೆ ಹಾಕಬೇಕು. ನನ್ನ ಕಾರಿನ ತಪ್ಪು ಅಲ್ಲೇ ಸಿಕ್ಕಿದ್ದು. ಹಿಂದಿನ ಎಡ ಟೈರಿನ ಒಳ ಅಂಚಿನಲ್ಲಿ ಒಂದು ಗೇಣಿಗೆ ಒಂದರಂತೆ ಸಣ್ಣ ಸಣ್ಣ ತಗ್ಗು. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಹಿಂಭಾಗ ಹಗುರ. ಶಾಕ್ ಅಬ್ಸಾರ್ಬರ್ ಸೋತಿದ್ದರೆ ಹಿಂದಿನ ಟೈರು ರಸ್ತೆಯ ಮೇಲೆ ಸಣ್ಣಗೆ ಕುಣಿಯುತ್ತಾ ಹೀಗೆ ತಗ್ಗು ತಗ್ಗಾಗಿ ಸವೆಯುತ್ತದೆ. ಬರೀ ಟೈರು ಹಾಕಿಸಿ ಶಾಕ್ ಬಿಟ್ಟರೆ ಹೊಸ ಟೈರಿಗೂ ಅದೇ ಗತಿ.

ಪಕ್ಕದ ಗೋಡೆಯ ಮೇಲೆ ಟೈರಿನ ವಯಸ್ಸೂ ಓದಿ. ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಹಳೇ ರಬ್ಬರ್ ಗಟ್ಟಿಯಾಗಿ ಸದ್ದು ಜಾಸ್ತಿ ಮಾಡುತ್ತದೆ. ಗೀರಿನೊಳಗಿನ ಗುರುತಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಸವೆದಿದ್ದರೆ ಪತ್ತೆ ಕೆಲಸ ಬಿಟ್ಟು ಟೈರೇ ಹಾಕಿಸಿ.

## ಹಂತ 6: ಟೈರು ಮುಂದೆ ಹಿಂದೆ ಮಾಡಿ

ನನ್ನ ಮಟ್ಟಿಗೆ ಇದೇ ಕೊನೆಯ ಮಾತು. ನಾಲ್ಕೂ ಟೈರಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ: ಮುಂದೆ ಎಡ, ಮುಂದೆ ಬಲ, ಹೀಗೆ. ಪಂಕ್ಚರ್ ಅಂಗಡಿಗೆ ಹೋಗಿ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ, ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಮುಂದಿನ, ಹಿಂದಿನ ಟೈರಿನ ಸೈಜೇ ಬೇರೆ ಇದ್ದರೆ ಈ ಹಂತ ನಿಮಗಲ್ಲ.

ಮತ್ತೆ ಅದೇ ರಸ್ತೆ, ಅದೇ ಸ್ಪೀಡ್, ಅದೇ ಸೀಟಿನಲ್ಲಿ ಅದೇ ಮನುಷ್ಯ. ಸದ್ದು ಹಿಂದಿನಿಂದ ಮುಂದಕ್ಕೆ ಬಂದರೆ ಅಥವಾ ಅದರ ಸ್ವರ ಬದಲಾದರೆ ಟೈರಿನದೇ ತಪ್ಪು. ಕೂದಲೆಳೆಯಷ್ಟೂ ಬದಲಾಗದೆ ಅಲ್ಲೇ ಇದ್ದರೆ ಬೇರಿಂಗ್ ಕಡೆ ಹೋಗಿ.

ಇಲ್ಲಿ ಓದುಗರು ಕೆಡಿಸಿಕೊಳ್ಳುವುದು ಒಂದೇ ಕಾರಣಕ್ಕೆ. ಹೇಗೂ ಬಂದಿದ್ದೇವಲ್ಲ ಅಂತ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಬ್ರೇಕ್ ಕ್ಲೀನಿಂಗ್ ಎಲ್ಲ ಒಟ್ಟಿಗೆ ಮಾಡಿಸಿಬಿಡುತ್ತಾರೆ. ಆಮೇಲೆ ಸದ್ದು ಬದಲಾದರೆ ಯಾವುದರಿಂದ ಅಂತ ಹೇಳುವುದು ಹೇಗೆ? ಒಂದು ಸಲಕ್ಕೆ ಒಂದೇ ಬದಲಾವಣೆ.

ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು 50 ಕಿ.ಮೀ. ಓಡಿಸಿ ನಟ್ಟು ಮತ್ತೊಮ್ಮೆ ಬಿಗಿ ಇದೆಯೇ ನೋಡಿ.

## ಹಂತ 7: ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ

ಸಮತಟ್ಟು, ಗಟ್ಟಿ ನೆಲ ಬೇಕು. ಮನೆ ಮುಂದಿನ ಇಳಿಜಾರು ರ‍್ಯಾಂಪ್ ಬೇಡವೇ ಬೇಡ. ಮುಂದಿನ ಚಕ್ರ ಎತ್ತುವುದಾದರೆ ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಿಂದಿನದು ಎತ್ತುವುದಾದರೆ ಗೇರ್‌ನಲ್ಲಿಟ್ಟು, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಮ್ಯಾನುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಜಾಕಿ ಕೊಡಿ, ಎತ್ತಿದ ಕೂಡಲೇ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ.

1. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ. ಒಮ್ಮೆ ನೂಕಿ ಒಮ್ಮೆ ಎಳೆಯಿರಿ. ಟಕ್ ಅಂತ ಅಲುಗಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡು ಕೀಲು) ಸವೆದಿದೆ.
2. ಈಗ ಎಡಕ್ಕೊಂದು ಬಲಕ್ಕೊಂದು ಕೈ. ಹೀಗೆ ಮಾತ್ರ ಅಲುಗಿದರೆ ಸ್ಟಿಯರಿಂಗ್‌ನ ಟೈ ರಾಡ್ ಎಂಡ್ ಕಡೆ ನೋಡಿಸಿ.
3. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಮೆಲ್ಲಗೆ ಇಡಿ, ಸುರುಳಿಗಳ ಸಂದಿಗೆ ತೂರಿಸದೆ. ಒಳ್ಳೆ ಬೇರಿಂಗ್ ಆದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದಾದರೆ ಬೀಸೋಕಲ್ಲಿನಲ್ಲಿ ರಾಗಿ ಬೀಸುವಾಗ ಗೂಟಕ್ಕೆ ಬರುವ ಹಾಗೆ ಸಣ್ಣ ಗರಗರ ಬರುತ್ತದೆ. ಕಿವಿಗೆ ಕೇಳದ್ದು ಬೆರಳಿಗೆ ಗೊತ್ತಾಗುತ್ತದೆ.
4. ಎದುರು ಬದಿಯ ಚಕ್ರಕ್ಕೂ ಇದೇ ಮಾಡಿ. ಹೋಲಿಕೆ ಇಲ್ಲದೆ ತೀರ್ಮಾನ ಬೇಡ.

"ಅಲುಗಾಡ್ತಿಲ್ಲ, ಹಾಗಾದ್ರೆ ಬೇರಿಂಗ್ ಸರಿ ಇದೆ" ಅನ್ನುವುದು ತಪ್ಪು ಲೆಕ್ಕ. ಈಗಿನ ಕಾರುಗಳ ಬೇರಿಂಗ್ ಅಲುಗಾಟ ಶುರುವಾಗುವ ಎಷ್ಟೋ ಮೊದಲೇ ಕೂಗಲು ಶುರು ಮಾಡುತ್ತದೆ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಚಕ್ರ ಮುಳುಗುವಷ್ಟು ಓಡಿಸಿದ್ದರೆ ಅನುಮಾನ ಇನ್ನೂ ಜಾಸ್ತಿ ಇರಲಿ. ಸೀಲ್ ದಾಟಿ ನೀರು ಒಳಗೆ ಹೋದರೆ ಗ್ರೀಸ್ ಕೆಟ್ಟು, ವಾರಗಳ ನಂತರ ಸದ್ದು ಬರುತ್ತದೆ. ಅಷ್ಟರಲ್ಲಿ ನಾವು ಆ ನೀರನ್ನು ಮರೆತಿರುತ್ತೇವೆ.

ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ಎತ್ತಿದ ಚಕ್ರ ಓಡಿಸುವ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಅದು ಲಿಫ್ಟ್ ಇರುವ ಗ್ಯಾರೇಜಿನ ಕೆಲಸ.

## ಇದಕ್ಕೆಲ್ಲ ಹೊಂದದ ಸದ್ದುಗಳು

ಜಲ್ಲಿ ಚೆಲ್ಲಿದ ರಸ್ತೆ ದಾಟಿದ ಮೇಲೆ ತಟ್ಟನೆ ಶುರುವಾದ ಕಿರ್ರ್ ಸದ್ದಾದರೆ, ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲು ಸಿಕ್ಕಿರಬಹುದು. ಖಾಲಿ ಜಾಗದಲ್ಲಿ ಹಿಂದೆ ಮುಂದೆ ಒಂದೆರಡು ಸಲ ಓಡಿಸಿ, ಉದುರಬಹುದು. ಉದುರದಿದ್ದರೆ ಚಕ್ರ ಬಿಚ್ಚಿಸಿ ತೆಗೆಸಿ. ತಗಡು ಬಾಗಿದ್ದರೆ ಮೆಲ್ಲಗೆ ಹಿಂದಕ್ಕೆ ಮಡಚಿದರೆ ಆಯಿತು.

80ರ ಮೇಲೆ ಮಾತ್ರ ಬರುವ ಶಿಳ್ಳೆಯಂತಹ ಸದ್ದು ಗಾಳಿಯದ್ದಿರಬಹುದು. ಬಾಗಿಲಿನ ಸಂದಿಗೆ, ಕನ್ನಡಿಯ ಬುಡಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಓಡಿಸಿ. ಸದ್ದು ನಿಂತರೆ ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ಬದಲಿಸಿ. ಮೇಲೆ ಕ್ಯಾರಿಯರ್ ಇದ್ದರೆ ಮೊದಲು ಅದನ್ನು ಬಿಚ್ಚಿ.

## ಹಂತ 8: ಗ್ಯಾರೇಜಿಗೆ ಹೋಗುವಾಗ

"ಬೇರಿಂಗ್ ಹಾಕಿ" ಅನ್ನಬೇಡಿ. ನೀವು ಕಂಡದ್ದನ್ನು ಹೇಳಿ: "55ಕ್ಕೆ ಶುರುವಾಗುತ್ತೆ, ನ್ಯೂಟ್ರಲ್‌ನಲ್ಲೂ ಇರುತ್ತೆ, ಎಡ ತಿರುವಿನಲ್ಲಿ ಜಾಸ್ತಿ, ಟೈರ್ ಹಿಂದೆ ಮುಂದೆ ಮಾಡಿದ್ರೂ ಬದಲಾಗ್ಲಿಲ್ಲ." ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಇಷ್ಟು ಹೇಳಿದರೆ ಅವರ ಹುಡುಕಾಟವೂ ಮುಂದಿನ ಬಲ, ಹಿಂದಿನ ಬಲ ಎರಡಕ್ಕೇ ಇಳಿಯುತ್ತದೆ.

ಬೇರಿಂಗ್ ಅಂತ ಖಚಿತವಾದರೆ, ಅದನ್ನು ಸಮನಾಗಿ ಒತ್ತಿ ಕೂರಿಸುವ ಪ್ರೆಸ್ ಮೆಷಿನ್ ಇದೆಯೇ ಅಂತ ಮೊದಲು ಕೇಳಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಹೊಸ ಬೇರಿಂಗ್ ಬೇಗ ಹಾಳಾಗುತ್ತದೆ. ಎಬಿಎಸ್ ಇರುವ ಎಷ್ಟೋ ಕಾರುಗಳಲ್ಲಿ ಬೇರಿಂಗ್‌ನ ಒಂದು ಮುಖದಲ್ಲಿ ಮ್ಯಾಗ್ನೆಟ್ ರಿಂಗ್ ಇರುತ್ತದೆ. ಆ ಮುಖ ಸೆನ್ಸರ್ ಕಡೆಗೇ ಬರಬೇಕು. ಉಲ್ಟಾ ಹಾಕಿದರೆ ಸದ್ದು ಹೋಗಿ ಎಬಿಎಸ್ ದೀಪ ಬರುತ್ತದೆ. ಆಕ್ಸಲ್ ನಟ್ಟನ್ನು ಕಂಪನಿ ಹೇಳಿದ ಬಿಗಿಗೆ ಟಾರ್ಕ್ ವ್ರೆಂಚ್‌ನಲ್ಲೇ ಕಟ್ಟಬೇಕು. ಮುಂದಿನ ನಕಲ್ (ಹಬ್ ಕೂರುವ ಲೋಹದ ಭಾಗ) ಬಿಚ್ಚಿದ್ದರೆ ಕೊನೆಗೆ ಅಲೈನ್‌ಮೆಂಟ್ ನೋಡಿಸಿ. ಬಿಡಿಭಾಗ ನೀವೇ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳಿಂದ ತರುವುದಾದರೆ ಮಾಡೆಲ್, ವರ್ಷದ ಜೊತೆ ಎಬಿಎಸ್ ಇದೆಯೋ ಇಲ್ಲವೋ ಅಂತಲೂ ಹೇಳಿ. ಎರಡಕ್ಕೂ ಬೇರಿಂಗ್ ಬೇರೆ ಇರಬಹುದು.

ಕೆಲಸ ಮುಗಿದ ಮೇಲೆ ಹಳೇ ಬೇರಿಂಗ್ ಕೇಳಿ ಇಸ್ಕೊಳ್ಳಿ. ಕೈಯಲ್ಲಿ ತಿರುಗಿಸಿ ನೋಡಿದರೆ ಪೂರ್ತಿ ಗೊತ್ತಾಗುವುದಿಲ್ಲ, ಏಕೆಂದರೆ ಕೀಳುವಾಗಲೇ ಅದಕ್ಕೆ ಪೆಟ್ಟು ಬಿದ್ದಿರುತ್ತದೆ. ಬಳೆ ಬಿಡಿಯಾಗಿ ಬಂದಿದ್ದರೆ ಗ್ರೀಸ್ ಒರೆಸಿ, ಗುಂಡುಗಳು ಓಡುವ ದಾರಿಯನ್ನು ಬಿಸಿಲಿಗೆ ಹಿಡಿದು ನೋಡಿ. ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ಕುಳಿ, ತುಕ್ಕಿನ ಕಂದು, ಕಾದು ನೀಲಿಯಾದ ಗುರುತು ಇದ್ದರೆ ಸರಿಯಾದದ್ದನ್ನೇ ಬಿಚ್ಚಿಸಿದ್ದೀರಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬಿಲ್ ಕೊಡುವ ಮೊದಲು ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಗೆ, ಅದೇ 60ಕ್ಕೆ ಒಂದು ರೌಂಡ್ ಹೋಗಿ ಬನ್ನಿ.